ಅಂಗೈಯಲ್ಲಿ 388 ವೋಲ್ಟ್

ನಮ್ಮ ಮನೆಯ ಪ್ಲಗ್ಗಿಗೆ ಬರುವುದು 230 ವೋಲ್ಟ್. ಅಷ್ಟು ಬರಲಿ ಅಂತ ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಡ್ಡ ಕಟ್ಟಿ, ಊರೂರೇ ಮುಳುಗಿಸಿ, ಕಾಡು ಸೀಳಿ ತಂತಿ ಎಳೆಯಬೇಕಾಯಿತು. ಎಷ್ಟು ವ್ಯರ್ಥ ಖರ್ಚು! ಈಗ ಅಗ್ಗದ ಕಾರ್ಡ್‌ಲೆಸ್ ಡ್ರಿಲ್ಲಿನ ಡಬ್ಬದ ಮೇಲೆ ಇಷ್ಟು ದಪ್ಪಕ್ಷರದಲ್ಲಿ '388 ವಿಎಫ್' ಅಂತ ಬರೆದಿರುತ್ತದೆ. ಬಾಗಿಲಿಗೆ ಕೀಲು ಕೂರಿಸುವ ಯಂತ್ರವೋ, ರಾಯಚೂರು ಶಾಖೋತ್ಪನ್ನ ಕೇಂದ್ರದ ಮರಿಯೋ ತಿಳಿಯದು.

ಬ್ಯಾಟರಿ ಬಿಚ್ಚಿದರೆ ಸಾಲಾಗಿ ಐದು ಸೆಲ್ಲು. ಒಂದಕ್ಕೆ 3.6 ವೋಲ್ಟಿನಂತೆ 18. ಆಗಷ್ಟೇ ಚಾರ್ಜಾಗಿದ್ದರೆ 21. ಮಿಕ್ಕ 367 ವೋಲ್ಟು ರಟ್ಟಿನ ಡಬ್ಬದಲ್ಲೇ ಉಳಿದಿರಬೇಕು. ರದ್ದಿಯವನಿಗೆ ಕೊಡುವಾಗ ಹುಷಾರು, ಪಾಪ, ಶಾಕ್ ಹೊಡೆದೀತು.

ವೈರಿನ ಯಂತ್ರಗಳದ್ದು ಇನ್ನೊಂದು ಪವಾಡ. ನಮ್ಮಲ್ಲಿ ಪ್ಲೈವುಡ್ ಕೊಯ್ಯುವುದು ಬಹಳ ಕಡೆ ನಾಲ್ಕಿಂಚಿನ ಮಾರ್ಬಲ್ ಕಟರ್. ಕಲ್ಲು ಕೊಯ್ಯಲು ಹುಟ್ಟಿದ್ದು, ಹಲ್ಲಿನ ಬ್ಲೇಡ್ ಹಾಕಿಸಿಕೊಂಡು ಬಡಗಿಯಾಗಿದೆ. ನಿಮಿಷಕ್ಕೆ ಹನ್ನೆರಡು ಸಾವಿರ ಸುತ್ತು ಮೀರಿ ತಿರುಗುವ ಆ ಬ್ಲೇಡಿನ ಗಾರ್ಡನ್ನು ಮೊದಲ ದಿನವೇ ಕಿತ್ತೆಸೆಯುತ್ತಾರೆ, ಬೆರಳು ಹತ್ತಿವೆಯಲ್ಲ. ಬೆಳಗಿನಿಂದ ಸಂಜೆಯವರೆಗೆ ಮರದ ಪುಡಿ ನುಂಗಿ, ಕಾದು, ಒಂದು ದಿನ ಹೊಗೆ ಬಿಡುತ್ತದೆ. ಕಾರ್ಬನ್ ಬ್ರಷ್ ಸವೆದಿದ್ದರೆ ಬದಲಾಯಿಸಬಹುದು, ಚಿಲ್ಲರೆ ಕಾಸಿನ ಮಾತು. ಮೋಟರಿನೊಳಗೆ ತಿರುಗುವ ಸುರುಳಿ, ಅಂದರೆ ಆರ್ಮೇಚರ್ರೇ ಸುಟ್ಟಿದ್ದರೆ ಕತೆ ಮುಗಿಯಿತು.

ಆದರೆ ಆರು ತಿಂಗಳ ವಾರಂಟಿ ಇದೆಯಲ್ಲ! ಇದೆ. ಬ್ರಷ್ಷು, ಆರ್ಮೇಚರ್ರು, ಸ್ವಿಚ್ಚು, ಬೇರಿಂಗು, ವೈರು ಇಷ್ಟನ್ನು ಬಿಟ್ಟು. ಅಂದರೆ ಖಾತರಿ ಇರುವುದು ಸ್ಟಿಕ್ಕರಿಗೆ. ನಿಜ ಹೇಳಬೇಕೆಂದರೆ ಸ್ಟಿಕ್ಕರು ಮಾತ್ರ ಕೊನೆಯವರೆಗೂ ಕಿತ್ತುಬರುವುದಿಲ್ಲ.

ಅಗ್ಗದ ಡ್ರಿಲ್ಲು ಬಾಳುವುದೇ ಇಲ್ಲ ಎಂದರೆ ಅಪಚಾರವಾದೀತು. ಅಪಾರ್ಟ್‌ಮೆಂಟಿನ ಲಾಫ್ಟಿನಲ್ಲಿ ಅದು ಅಜರಾಮರ. ನೂರೆಂಟು ಬಿಟ್ಟುಗಳ ಸೂಟ್‌ಕೇಸ್ ಸಮೇತ ಕೊಂಡ ಯಜಮಾನರು ಗೃಹಪ್ರವೇಶದ ಫೋಟೊಗೆ ಎರಡು ತೂತು ಕೊರೆದು ಮೇಲಿಟ್ಟಿರುತ್ತಾರೆ. ವಾರ್ಡ್‌ರೋಬ್ ಮಾಡಲು ಬಂದ ಬಡಗಿಗೆ ಅವರದೇ ಉಪದೇಶ: "ಆಚಾರ್ರೇ, ಸುಮ್ನೆ ದುಡ್ಡು ಯಾಕೆ ಸುರೀತೀರಿ? ಇದೇ ತಗೊಳ್ಳಿ. ನಂದು ನಾಲ್ಕು ವರ್ಷದಿಂದ ಹಾಗೇ ಇದೆ."

ಹಾಗೇ ಇದೆ, ಸುಳ್ಳಲ್ಲ. ವರ್ಷಕ್ಕೆ ಐದು ನಿಮಿಷ ದುಡಿಯುವ ಯಂತ್ರಕ್ಕೆ ಅಗ್ಗದ ಬೆಲೆ ನ್ಯಾಯವೇ. ದಿನಕ್ಕೆ ಎಂಟು ಗಂಟೆ ದುಡಿಸುವವನು ಮಾತ್ರ ಅದೇ ಬೆಲೆಯನ್ನು ಮತ್ತೆ ಮತ್ತೆ ತೆರುತ್ತಾನೆ, ಜೊತೆಗೆ ಕೆಲಸ ನಿಂತ ದಿನದ ಕೂಲಿಯನ್ನೂ. "ಮಷಿನ್ ಸುಟ್ಟೋಯ್ತು ಸಾರ್" ಎಂದಾಗ ಆ ಕೂಲಿ ಮುರಿದುಕೊಳ್ಳುವವರು ಉಪದೇಶ ಕೊಟ್ಟ ಅದೇ ಯಜಮಾನರು.

ವೋಲ್ಟು, ವಾಟು ಓದುವುದು ಬಿಡಿ. ಯಂತ್ರ ಕೊಳ್ಳಲು ಬೆಂಗಳೂರಿನ ಎಸ್.ಜೆ.ಪಿ. ರಸ್ತೆಗೆ ಹೋದಾಗ ಒಂದೇ ಪ್ರಶ್ನೆ ಕೇಳಿ: "ಇದರ ಆರ್ಮೇಚರ್ ಬೇರೆ ಸಿಗತ್ತಾ?"

"ಅದ್ಯಾಕೆ ಸಾರ್? ಅದೇ ರೇಟಿಗೆ ಹೊಸ ಮಷಿನ್ನೇ ಕೊಡ್ತೀನಿ, ಈಗ್ಲೇ ಎರಡು ತಗೊಂಡ್ಹೋಗಿ."