ಓಡುತ್ತಿರುವ ಕರ್ನಲ್‌ಗೆ ಮೊಳೆ ಹೊಡೆಯುವ ಕ್ರಮ (ಪುಣೆ ಆವೃತ್ತಿ)

ಈ ಉಪಕರಣವನ್ನು ಕೊಂಡದ್ದಕ್ಕೆ ಧನ್ಯವಾದಗಳು. ಲಿನಕ್ಸನ್ನು ಹೆಚ್ಚಿನವರು ಕೊಳ್ಳುವುದಿಲ್ಲ, ಪುಕ್ಕಟೆ ಇಳಿಸಿಕೊಳ್ಳುತ್ತಾರೆ. ಆದರೂ ಕೈಪಿಡಿ ಅಂದಮೇಲೆ ಮೊದಲ ಸಾಲು ಹೀಗೇ ಇರಬೇಕಂತೆ.

ಉಪಯೋಗ: ಯಂತ್ರ ಓಡುತ್ತಿರುವಾಗಲೇ, ರೀಬೂಟ್ ಮಾಡದೆ, ಅದರ ಕರ್ನಲ್‌ನ, ಅಂದರೆ ಲಿನಕ್ಸಿನ ತಿರುಳಿನ, ನಾಲ್ಕಾರು ಬೈಟುಗಳನ್ನು ತಿದ್ದುವುದು. ಆರಿಸಿ ತಿದ್ದಬಾರದೆ ಎಂದು ಕೇಳುವವರು ಹಿಂಜವಡಿಯ ಐಟಿ ಪಾರ್ಕಿನಲ್ಲಿ ನೌಕರಿ ಮಾಡಿದವರಲ್ಲ. ಭದ್ರತೆಯ ತೂತು ಗೊತ್ತಾಗುವುದು ಸೋಮವಾರ ಬೆಳಿಗ್ಗೆ. ಸರ್ವರ್ ಆರಿಸಲು ಗಿರಾಕಿಯ ಒಪ್ಪಿಗೆ ಸಿಗುವುದು ಮುಂದಿನ ತಿಂಗಳ ಮೂರನೇ ಶನಿವಾರ, ರಾತ್ರಿ ಎರಡರಿಂದ ಎರಡೂವರೆವರೆಗೆ.

ಬೇಕಾಗುವ ಸಾಮಾನು: ಹಾಳಾದರೆ ಅಳು ಬಾರದಂಥ ಒಂದು ಹಳೆಯ ಲ್ಯಾಪ್‌ಟಾಪ್. ಅದು ಸಾಯುವಾಗ ಆಡುವ ಮಾತು ಬರೆದುಕೊಳ್ಳಲು ಪಕ್ಕದಲ್ಲಿ ಇನ್ನೊಂದು ಯಂತ್ರ. ಬೆಳಗಿನ ಜಾವದ ಹಸಿವಿಗೆ ಊರಿನಿಂದ ಬಂದ ಧಾರವಾಡ ಪೇಢೆ. ಮತ್ತು ಒಂದು ಗೋಡೆ.

ಗೋಡೆ ಯಾಕೆ ಅಂದರೆ, ನನಗೆ ಈ ವಿದ್ಯೆ ಹತ್ತಿದ್ದು ಗೋಡೆಯಿಂದ. ನನ್ನ ಬಾಡಿಗೆ ಕೋಣೆಯಲ್ಲಿ, ಬಾಗಿಲಿಗೆ ಎದುರಾಗಿ, ಮಾಲೀಕರು ಒಂದು ಪುಣೇರಿ ಪಾಟಿ ಹಾಕಿದ್ದರು. ಈ ಊರಿನ ಫಲಕಗಳ ಖ್ಯಾತಿ ನಿಮಗೆ ಗೊತ್ತಿರಬಹುದು: ಒಂದೇ ಒಂದು ಬೈಗುಳ ಬಳಸದೆ ಓದಿದವನ ಮಾನ ಕಳೆಯುವ ಕಲೆ ಅದು, ಸದಾಶಿವ ಪೇಟೆಯಲ್ಲಿ ಹುಟ್ಟಿ ಬೆಳೆದವರಿಗೆ ರಕ್ತದಲ್ಲೇ ಬಂದಿರುತ್ತದೆ. ನನ್ನ ಪಾಲಿಗೆ ಬಂದದ್ದು ಹೀಗಿತ್ತು: ‘ಗೋಡೆಗೆ ಮೊಳೆ ಹೊಡೆಯಬಾರದು. ಹೊಡೆಯಲೇಬೇಕು ಅನ್ನಿಸಿದರೆ ಮೊದಲು ಸ್ವಂತ ಗೋಡೆ ಕಟ್ಟಿಸಿಕೊಳ್ಳಿ.’ ಆ ಫಲಕ ಒಂದು ದಪ್ಪ ಮೊಳೆಗೆ ತೂಗುತ್ತಿತ್ತು.

ಕರ್ನಲ್‌ನದೂ ಇದೇ ಮನೆತನ. ಬೂಟ್ ಮುಗಿಯುವ ಹೊತ್ತಿಗೆ ಅದು ತನ್ನ ಕೋಡ್ ಇರುವ ಪುಟಗಳಿಗೆಲ್ಲ ‘ಓದಬಹುದು, ಬರೆಯಬಾರದು’ ಎಂದು ಪಾಟಿ ಹಾಕುತ್ತದೆ. ಪ್ರತಿ ಪುಟಕ್ಕೂ ಪೇಜ್ ಟೇಬಲ್‌ನಲ್ಲಿ ಒಂದು ನಮೂದು, ಆ ನಮೂದಿನಲ್ಲಿ ಬರೆಯುವ ಹಕ್ಕಿಗೊಂದು ಬಿಟ್. ಇಂಟೆಲ್‌ನ 386 ಚಿಪ್ಪಿನ ಕಾಲಕ್ಕೆ ಈ ಪಾಟಿ ಬಾಡಿಗೆದಾರರಿಗೆ ಮಾತ್ರ ಇತ್ತು. ಕರ್ನಲ್ ಎಂಬ ಮಾಲೀಕ ಎಲ್ಲಿ ಬೇಕಾದರೂ ಮೊಳೆ ಹೊಡೆಯಬಹುದಾಗಿತ್ತು. 1989ರಲ್ಲಿ ಬಂದ 486 ಚಿಪ್ಪಿನಲ್ಲಿ ಸಿಆರ್-ಸೊನ್ನೆ ಎಂಬ ರಿಜಿಸ್ಟರಿನ 16ನೇ ಬಿಟ್ಟಿಗೆ ರೈಟ್ ಪ್ರೊಟೆಕ್ಟ್ ಎಂದು ಹೆಸರಿಟ್ಟರು. ಅದು 1 ಆಗಿದ್ದರೆ ಮಾಲೀಕನಿಗೂ ಪಾಟಿ ಅನ್ವಯ. ನಮ್ಮ ಕಷ್ಟದ ವಂಶಾವಳಿ ಅಲ್ಲಿಂದ ಶುರು.

ಹಂತ 1. ಬರೆದು ನೋಡಿ, ಬೀಳಿ. ಬಿದ್ದಮೇಲೆ ಲಾಗ್ ಓದಿ. ಓದದೆ ಬೀಗ ಒಡೆಯಲು ಹೊರಡುವವರೇ ಹೆಚ್ಚು, ನಾನೂ ಅದೇ ಜಾತಿ. ‘ಪೇಜ್ ಫಾಲ್ಟ್’ ಅಂದ ತಕ್ಷಣ ರೈಟ್ ಪ್ರೊಟೆಕ್ಷನ್ನೇ ಅಡ್ಡ ಬಂತು ಎಂದು ತಿಳಿದು ಒಂದು ಸಂಜೆ ಹಾಳು ಮಾಡಿಕೊಂಡಿದ್ದೇನೆ. ನೋಡಬೇಕಾದ್ದು ಪಕ್ಕದ ಎರರ್ ಕೋಡ್. ಅದು 3 ಆಗಿದ್ದರೆ ಪುಟ ಇದೆ, ಬರೆಯಲು ಹೋದಿರಿ, ಹಕ್ಕಿಲ್ಲ. ಅದು 2 ಆಗಿದ್ದರೆ ಅಲ್ಲಿ ಪುಟವೇ ಇಲ್ಲ. ನೀವು ಗಾಳಿಗೆ ಮೊಳೆ ಹೊಡೆಯುತ್ತಿದ್ದೀರಿ. ಪ್ರತಿ ಬೂಟ್‌ನಲ್ಲೂ ಕರ್ನಲ್ ತನ್ನ ವಿಳಾಸ ಬದಲಿಸಿಕೊಂಡು ಕೂರುತ್ತದೆ, ನೀವು ನಿನ್ನೆಯ ವಿಳಾಸ ಹಿಡಿದು ಬಂದಿರುತ್ತೀರಿ. ನನ್ನದು 2 ಆಗಿತ್ತು.

ಹಂತ 2. ಆ 16ನೇ ಬಿಟ್ಟನ್ನು ಸೊನ್ನೆ ಮಾಡಿ, ಬರೆದು, ಮತ್ತೆ 1 ಮಾಡಿ. ಕಾಲೇಜು ಹುಡುಗರಿಗೆ ಮೊದಲು ಸಿಗುವ ಮದ್ದು ಇದೇ. ಎಲ್ಲರ ಹತ್ತಿರವೂ ಈ ಮೂರು ಸಾಲು ಇರುತ್ತದೆ, ಯಾರು ಯಾರಿಗೆ ಕೊಟ್ಟರೋ ಗೊತ್ತಿರುವುದಿಲ್ಲ. ನಾನೂ ಹಾಕಿದೆ. ಕೆಲಸ ಮಾಡಿತು. ಇನ್ನೊಮ್ಮೆ ಹಾಕಿದೆ, ಮಾಡಿತು. ಒಂಬತ್ತು ಸಲ ಮಾಡಿತು. ಪೇಢೆ ಡಬ್ಬಿ ತೆಗೆದೆ. ಹತ್ತನೇ ಸಲಕ್ಕೆ ಪರದೆ ನಿಂತಲ್ಲೇ ನಿಂತು, ಕ್ಯಾಪ್ಸ್ ಲಾಕ್ ದೀಪ ಮಿಟುಕತೊಡಗಿತು. ಊಪ್ಸ್ ಎಂಬ ಕರ್ನಲ್ ದೋಷ ಬಂದರೆ ಸುಮ್ಮನೆ ಕುಂಟಬೇಡ, ಪ್ಯಾನಿಕ್ ಆಗಿ ಸತ್ತುಬಿಡು ಎಂದು ನಾನೇ ಮೊದಲು ಹೇಳಿಟ್ಟಿದ್ದೆ. ಹೇಳಿದ ಮಾತು ಕೇಳಿತ್ತು.

ಪಕ್ಕದ ಯಂತ್ರದಲ್ಲಿ ಉಳಿದ ಕೊನೆಯ ಸಾಲುಗಳನ್ನು ಎಷ್ಟು ಸಲ ಓದಿದೆನೋ. ಎರರ್ ಕೋಡ್ 3. ಅಂದರೆ ರಕ್ಷಣೆ ಇತ್ತು. ಆದರೆ ಈಗಷ್ಟೇ ತೆಗೆದಿದ್ದೆನಲ್ಲ! ಮೂರು ಗಂಟೆಗೆ ಕಣ್ಣಿಗೆ ಬಿದ್ದದ್ದು ಒಂದು ಸಣ್ಣ ಅಂಕಿ: ಸಿಪಿಯು 2. ಬಿಟ್ ಸೊನ್ನೆ ಮಾಡುವಾಗ ನಾನು ಮುದ್ರಿಸಿಕೊಂಡಿದ್ದ ಅಂಕಿ: ಸಿಪಿಯು 0. ಸಿಆರ್-ಸೊನ್ನೆ ಇಡೀ ಯಂತ್ರಕ್ಕೆ ಒಂದಲ್ಲ, ಪ್ರತಿ ಕೋರಿಗೂ ಬೇರೆ. ಬಿಟ್ ತೆಗೆಯುವುದಕ್ಕೂ ಬರೆಯುವುದಕ್ಕೂ ನಡುವಿನ ಕಣ್ಣೆವೆಯಷ್ಟು ಹೊತ್ತಿನಲ್ಲಿ ಶೆಡ್ಯೂಲರ್ ಬಂದು ನನ್ನನ್ನು ಎಬ್ಬಿಸಿ ಬೇರೆ ಕೋರಿನಲ್ಲಿ ಕೂರಿಸಿತ್ತು. ಚಿಲಕ ತೆಗೆದದ್ದು ಕೊತ್ರೂಡಿನ ಮನೆಯದು, ಭುಜ ಕೊಟ್ಟು ನೂಕಿದ್ದು ಕಾತ್ರಜಿನ ಮನೆಯ ಬಾಗಿಲು. ಪ್ಯಾನಿಕ್ ಆಗದೆ ಕುಂಟುತ್ತ ಮುಂದುವರಿದಿದ್ದರೆ ಇನ್ನೂ ಕೆಟ್ಟದ್ದು: ಮೊದಲ ಕೋರಿನ ಚಿಲಕ ತೆರೆದೇ ಉಳಿದು, ಆಮೇಲೆ ಅಲ್ಲಿ ಕೂತ ಯಾವ ಡ್ರೈವರ್ ತಪ್ಪಿ ಎಲ್ಲಿ ಬರೆದರೂ ಯಾರೂ ಕೇಳುವವರಿಲ್ಲ.

ಪರಿಹಾರ: ಕೈ ಹಾಕುವ ಮೊದಲು, ಶೆಡ್ಯೂಲರ್ ಹೀಗೆ ನಡುವೆ ಎಬ್ಬಿಸುವ ಪ್ರಿಎಂಪ್ಷನ್ ನಿಲ್ಲಿಸಿ, ಆ ಕೋರಿನ ಇಂಟರಪ್ಟುಗಳನ್ನೂ ನಿಲ್ಲಿಸಿ. ಮುಗಿದಮೇಲೆ ಎರಡನ್ನೂ ಮರೆಯದೆ ಬಿಡಿ.

ಹಂತ 2ಅ. ಇಷ್ಟು ಕಲಿತು ಹೊಸ ಯಂತ್ರಕ್ಕೆ ಹೋದರೆ ಮದ್ದೇ ನಾಟುವುದಿಲ್ಲ. 2019ರ 5.3 ಕರ್ನಲ್‌ನಿಂದ ಈಚೆಗೆ ಸಿಆರ್-ಸೊನ್ನೆಗೆ ಬರೆಯುವ ಸರ್ಕಾರಿ ಫಂಕ್ಷನ್ ಆ ಬಿಟ್ಟನ್ನು ತಾನೇ ಮತ್ತೆ 1 ಮಾಡಿ, ರೈಟ್ ಪ್ರೊಟೆಕ್ಟ್ ಬಿಟ್ ಕಾಣೆಯಾಗಿದೆ ಎಂದು ಲಾಗಿನಲ್ಲಿ ಒಂದು ದೂರು ಬರೆದಿಡುತ್ತದೆ. ದೂರಿನ ಕೊನೆಗೆ ಆಶ್ಚರ್ಯಸೂಚಕವೂ ಇದೆ, ಪ್ರಶ್ನಾರ್ಥಕವೂ ಇದೆ. ಬರೆದವರು ಸದಾಶಿವ ಪೇಟೆಯವರಲ್ಲ, ಆದರೆ ಆಗಬಹುದಿತ್ತು. ಅಸೆಂಬ್ಲಿಯಲ್ಲಿ ನೇರ ಬರೆದು ಆ ಫಂಕ್ಷನ್ನನ್ನು ತಪ್ಪಿಸುತ್ತೀರಾ, ಸರಿ. ಸಿಇಟಿ (ಕಂಟ್ರೋಲ್-ಫ್ಲೋ ಎನ್‌ಫೋರ್ಸ್‌ಮೆಂಟ್ ಟೆಕ್ನಾಲಜಿ) ಎಂಬ ರಕ್ಷಣೆ ಚಾಲೂ ಇರುವ ಹೊಸ ಚಿಪ್ಪಿನಲ್ಲಿ ಪ್ರೊಸೆಸರ್ ತಾನೇ ಕೆನ್ನೆಗೆ ಬಾರಿಸುತ್ತದೆ. ವರ್ಚುವಲ್ ಯಂತ್ರವಾದರೆ ಹೈಪರ್‌ವೈಸರ್ ಎಂಬ ಮೇಲ್ಮಹಡಿಯ ಮಾಲೀಕನ ಪೇಜ್ ಟೇಬಲ್ ಬೇರೆ ಇರುತ್ತದೆ. ಅವನ ಪಾಟಿ ನಿಮ್ಮ ಕಣ್ಣಿಗೂ ಬೀಳುವುದಿಲ್ಲ.

ಹಂತ 3. ರಿಜಿಸ್ಟರ್ ಬಿಟ್ಟು ಪೇಜ್ ಟೇಬಲ್‌ನ ನಮೂದನ್ನೇ ತಿದ್ದುವ ದಾರಿ. ಇಲ್ಲಿ ಕರ್ನಲ್‌ನ ಕೋಡ್ ಬಹುಪಾಲು 2 ಎಂಬಿಯ ದೊಡ್ಡ ಪುಟಗಳಲ್ಲಿರುತ್ತದೆ ಎಂಬುದು ನೆನಪಿರಲಿ. 4 ಕೆಬಿ ಪುಟ ಎಂದುಕೊಂಡು ಬಿಟ್ ಎತ್ತಿದರೆ ಒಂದು ಮೊಳೆಗಾಗಿ ಇಡೀ ವಾಡೆಯ ಪಾಟಿ ತೆಗೆದಂತೆ. ಪೇಜ್ ಟೇಬಲ್‌ನ ನಮೂದುಗಳನ್ನು ನೆನಪಿಡುವ ಟಿಎಲ್‌ಬಿಯನ್ನು ತೊಳೆಯದಿದ್ದರೆ ಪ್ರೊಸೆಸರ್ ಹಳೆಯ ಪಾಟಿಯನ್ನೇ ನೆನಪಿಟ್ಟುಕೊಂಡು ಕೂತಿರುತ್ತದೆ, ಅದೂ ಪ್ರತಿ ಕೋರಿನಲ್ಲಿ. ಈ ಹಂತವನ್ನು ಬಿಟ್ಟು ಮುಂದೆ ಹೋಗಿ.

ಹಂತ 4. ಕರ್ನಲ್ ತಾನು ಏನು ಮಾಡುತ್ತದೆ ನೋಡಿ. ಯಾಕೆಂದರೆ ತನ್ನ ಕೋಡನ್ನು ಅದು ದಿನವೂ ತಿದ್ದಿಕೊಳ್ಳುತ್ತದೆ, ಪಾಟಿ ಮುಟ್ಟದೆಯೇ. ಆ ಪುಟ ಇರುವ ಅದೇ ಭೌತಿಕ ಜಾಗಕ್ಕೆ ಬೇರೊಂದು ತಾತ್ಕಾಲಿಕ ವಿಳಾಸ ಕಟ್ಟಿ, ಆ ವಿಳಾಸಕ್ಕೆ ಬರೆಯುವ ಹಕ್ಕು ಕೊಟ್ಟು, ಹಿಂದಿನ ಬಾಗಿಲಿನಿಂದ ಬರೆದು, ಬಾಗಿಲನ್ನೇ ಅಳಿಸಿಬಿಡುತ್ತದೆ. 5.2ರಿಂದ ಈಚೆಗೆ ಆ ತಾತ್ಕಾಲಿಕ ವಿಳಾಸ ಬರೆಯುವ ಕೋರಿಗೆ ಬಿಟ್ಟು ಉಳಿದವಕ್ಕೆ ಕಾಣುವುದೂ ಇಲ್ಲ. ಬೇರೆ ಕೋರುಗಳು ಅದೇ ಸೂಚನೆಯ ಮೇಲೆ ಓಡುತ್ತಿರಬಹುದಲ್ಲ, ಅದಕ್ಕೆ ಮೊದಲ ಬೈಟಿನ ಮೇಲೆ ಬ್ರೇಕ್‌ಪಾಯಿಂಟ್ ಕೂರಿಸಿ, ಉಳಿದ ಬೈಟುಗಳನ್ನು ತುಂಬಿ, ಕಡೆಗೆ ಮೊದಲನೆಯದನ್ನು ಬದಲಿಸುತ್ತದೆ. ಪ್ರತಿ ಸಲವೂ ಎಲ್ಲ ಕೋರುಗಳಿಗೆ ಸುದ್ದಿ ಮುಟ್ಟಿಸುತ್ತದೆ.

ಬರೆದದ್ದು ಬರೆದಂತೆ ಇದೆ, ದೋಷವೂ ಬಂದಿಲ್ಲ, ಆದರೂ ಏನೂ ಬದಲಾಗಿಲ್ಲವೇ? ನೀವು ತಿದ್ದಿದ್ದು ಸಿಸ್ಟಂ ಕಾಲ್ ಟೇಬಲ್ ಆಗಿದ್ದರೆ ಕರ್ನಲ್ ಆವೃತ್ತಿ ನೋಡಿ. 2024ರ 6.9ರಿಂದ ಎಕ್ಸ್86 ಯಂತ್ರಗಳು ಸಿಸ್ಟಂ ಕಾಲ್‌ಗೆ ಆ ಕೋಷ್ಟಕದ ಮುಖಾಂತರ ಹೋಗುವುದನ್ನೇ ಬಿಟ್ಟಿವೆ. ಕಚೇರಿ ಸ್ಥಳಾಂತರವಾಗಿದೆ, ಹಳೆಯ ಬೋರ್ಡಿಗೆ ನೀವು ಚೆಂದಗೆ ಬಣ್ಣ ಬಳಿದಿದ್ದೀರಿ.

ಹಂತ 5. ಇಷ್ಟೆಲ್ಲ ಆದಮೇಲೆ, ಈ ಕೆಲಸಕ್ಕೆಂದೇ ಕರ್ನಲ್‌ನಲ್ಲಿರುವ ಲೈವ್‌ಪ್ಯಾಚ್ ಬಳಸಿ. ಮೊದಲೇ ಹೇಳಬಾರದಿತ್ತೆ ಎಂದು ಕೇಳಬೇಡಿ, ಕೈಪಿಡಿಗಳಲ್ಲಿ ಇದು ಯಾವಾಗಲೂ ಕೊನೆಯ ಪುಟದಲ್ಲೇ ಇರುತ್ತದೆ. ಇದೇ ಕೆಲಸ ಮಾಡುತ್ತಿದ್ದ, ಅಮೆರಿಕದ ಎಂಐಟಿ ಹುಡುಗರ ಕೆಸ್ಪ್ಲೈಸ್ ಅನ್ನು 2011ರಲ್ಲಿ ಒರೇಕಲ್ ಕೊಂಡುಕೊಂಡಿತು. 2014ರಲ್ಲಿ ಸೂಸೆಯವರ ಕೆಗ್ರಾಫ್ಟ್, ರೆಡ್ ಹ್ಯಾಟ್‌ನ ಕೆಪ್ಯಾಚ್ ಬಂದವು. ಎರಡಕ್ಕೂ ಸಾಮಾನ್ಯವಾದ ತಳಪಾಯವಾಗಿ ಲೈವ್‌ಪ್ಯಾಚ್ 2015ರ 4.0 ಕರ್ನಲ್‌ಗೆ ಸೇರಿತು. ರೆಡ್ ಹ್ಯಾಟ್‌ನ ಕಚೇರಿ ಇಲ್ಲೇ ಮಗರ್ಪಟ್ಟಾದಲ್ಲೂ ಇದೆ. ಆ ಕಟ್ಟಡದ ಮುಂದೆ ಬಸ್ಸಿನಲ್ಲಿ ಹಾಯುವಾಗಲೆಲ್ಲ ನಾನು ಆ ಒಂಬತ್ತು ಸಲದ ಗೆಲುವು ನೆನೆದು ತಲೆ ತಗ್ಗಿಸುತ್ತೇನೆ.

ಲೈವ್‌ಪ್ಯಾಚ್‌ನ ನಿಜವಾದ ಜಾಣತನ ಬರೆಯುವುದರಲ್ಲಿಲ್ಲ, ಕಾಯುವುದರಲ್ಲಿದೆ. ನನಗೆ ಅದು ಅರ್ಥವಾದದ್ದು ಸವಾಯಿ ಗಂಧರ್ವ ಉತ್ಸವದಲ್ಲಿ. ಕುಂದಗೋಳದ ಗುರುವಿನ ಹೆಸರಿನಲ್ಲಿ 1953ರಿಂದ ನಡೆಯುತ್ತಿರುವ, ಗದಗ ಸೀಮೆಯ ಭೀಮಸೇನ ಜೋಶಿಯವರು ದಶಕಗಟ್ಟಲೆ ಹೆಗಲು ಕೊಟ್ಟ ಉತ್ಸವ. ಪುಣೆಯ ಡಿಸೆಂಬರ್ ಚಳಿಯಲ್ಲಿ ಕನ್ನಡದವರು ಸ್ವಲ್ಪ ಎದೆಯುಬ್ಬಿಸಿ ಕೂರುವ ಜಾಗ. ವಿಲಂಬಿತ ನಡೆಯುತ್ತಿತ್ತು. ತಬಲಾದ ಶ್ರುತಿ ಸ್ವಲ್ಪ ಇಳಿದಿರಬೇಕು. ವಾದಕರು ಬಾರಿಸುವುದನ್ನು ನಿಲ್ಲಿಸಲಿಲ್ಲ. ಬಲಗೈಯ ಬೋಲ್ ಇಲ್ಲದ ಮಾತ್ರೆ ಬಂದಾಗ ತೊಡೆಯ ಪಕ್ಕದ ಪುಟ್ಟ ಸುತ್ತಿಗೆ ಎತ್ತಿ ಅಂಚಿಗೆ ಟಿಕ್ ಎಂದು ಒಂದು ಏಟು, ಮತ್ತೆ ಠೇಕಾ. ಅರ್ಧ ಆವರ್ತನ ಬಿಟ್ಟು ಇನ್ನೊಂದು ಏಟು, ಎದುರುಬದಿಗೆ. ಲೈವ್‌ಪ್ಯಾಚ್ ಮಾಡುವುದೂ ಇಷ್ಟೇ: ಪ್ರತಿ ಪ್ರಕ್ರಿಯೆಯ ಸ್ಟ್ಯಾಕ್ ನೋಡುತ್ತದೆ, ಹಳೆಯ ಫಂಕ್ಷನ್ ಒಳಗೆ ಇನ್ನೂ ಕೂತಿದ್ದರೆ ಬಿಡುತ್ತದೆ, ಹೊರಗೆ ಬಂದಿದ್ದರೆ ಹೊಸದಕ್ಕೆ ದಾಟಿಸುತ್ತದೆ. ಎಲ್ಲೋ ಒಂದು ಪ್ರಕ್ರಿಯೆ ಆ ಫಂಕ್ಷನ್‌ನಲ್ಲೇ ನಿದ್ದೆ ಹೋಗಿದ್ದರೆ ಗಂಟೆಗಟ್ಟಲೆ ದಾಟುವುದು ಮುಗಿಯುವುದಿಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕುವ ಅಂಗಡಿಗಳ ಊರಿನಲ್ಲಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಲೈವ್‌ಪ್ಯಾಚ್ ಹೊಸ ತೂತನ್ನೂ ಕೊರೆಯುವುದಿಲ್ಲ. ಕಂಪೈಲರ್ ಹೆಚ್ಚುಕಡಿಮೆ ಎಲ್ಲ ಫಂಕ್ಷನ್‌ಗಳ ಬಾಗಿಲಲ್ಲೂ ಮೊದಲೇ 5 ಬೈಟ್ ಜಾಗ ಬಿಟ್ಟಿರುತ್ತದೆ, ಸುಮ್ಮನೆ ಏನೂ ಮಾಡದ 5 ಬೈಟು. ಅಲ್ಲಿಗೆ ಒಂದು ಕಾಲ್ ಸೂಚನೆ ಬಂದು ಕೂತರೆ ದಾರಿ ಹೊಸ ಫಂಕ್ಷನ್‌ಗೆ ತಿರುಗಿತು.

ಲೈವ್‌ಪ್ಯಾಚ್ ಬಗ್ಗೆ ಇದನ್ನೆಲ್ಲ ಓದಿ ಮುಗಿಸಿದ ದಿನ ನಾನು ಕೋಣೆಗೆ ಬಂದು, ಊರಿನಿಂದ ತಂದು ಎರಡು ತಿಂಗಳಿಂದ ಮೇಜಿನ ಮೇಲೆ ಮಲಗಿಸಿದ್ದ ಕ್ಯಾಲೆಂಡರನ್ನು ಪುಣೇರಿ ಪಾಟಿಯ ಮೊಳೆಗೇ, ಪಾಟಿಯ ಮೇಲೆ, ತೂಗುಹಾಕಿದೆ. ತಿಂಗಳ ಕೊನೆಗೆ ಬಾಡಿಗೆಗೆಂದು ಬಂದ ಮಾಲೀಕರು ಗೋಡೆಯನ್ನು ಮೂಲೆಯಿಂದ ಮೂಲೆಗೆ ನೋಡಿದರು. ಕ್ಯಾಲೆಂಡರ್ ಎತ್ತಿ ಕೆಳಗಿನ ತಮ್ಮ ಫಲಕವನ್ನು ಪೂರ್ತಿ ಓದಿಕೊಂಡರು, ಮೊಳೆ ಅಲ್ಲಾಡಿಸಿ ನೋಡಿದರು, ಕ್ಯಾಲೆಂಡರನ್ನು ಮತ್ತೆ ನೇರ ಮಾಡಿ ಬಿಟ್ಟರು. ಮರುದಿನ ಸಂಜೆ ನಾನು ಬರುವಷ್ಟರಲ್ಲಿ ಪಕ್ಕದಲ್ಲೇ ಇನ್ನೊಂದು ಪಾಟಿ ಬಂದಿತ್ತು, ಹೊಸ ಮೊಳೆಯ ಸಮೇತ.