ಉಪಕರಣವಿವರಣ ಮೀಮಾಂಸೆ

ಅನುಬಂಧ ಪ್ರಕರಣ

ಶಾಸ್ತ್ರಗ್ರಂಥವು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲಿಗೇ ಹೇಳಿಬಿಡಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆಯಾದ್ದರಿಂದ, ಈ ಗ್ರಂಥದ ವಿಷಯ ಎಪಿಐ ಉಪಕರಣಗಳ ವಿವರಣೆಯೆಂದೂ, ಪ್ರಯೋಜನ ಅನರ್ಥನಿವಾರಣೆಯೆಂದೂ, ಇವೆರಡರ ಸಂಬಂಧ ಸದ್ಯಕ್ಕೆ ಅಷ್ಟಕ್ಕಷ್ಟೆಯೆಂದೂ ತಿಳಿಯತಕ್ಕದ್ದು. ಎಪಿಐ ಎಂದರೆ ಒಂದು ತಂತ್ರಾಂಶವು ಇನ್ನೊಂದರಿಂದ ಕೆಲಸ ಮಾಡಿಸಿಕೊಳ್ಳಲು ಇಟ್ಟ ಕಿಂಡಿ. ಏಜೆಂಟ್ ಎಂದರೆ ಯಾವ ಕಿಂಡಿಯನ್ನು ಯಾವಾಗ ತಟ್ಟಬೇಕೆಂದು ತಾನೇ ತೀರ್ಮಾನಿಸುವ ಕೃತಕ ಬುದ್ಧಿಮತ್ತೆ. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಕಂಪನಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬ ನಿಯಮಾವಳಿಯ ಪ್ರಕಾರ ಪ್ರತಿ ಉಪಕರಣಕ್ಕೂ ಹೆಸರು, ವಿವರಣೆ ಮತ್ತು ಅದಕ್ಕೆ ಕೊಡಬೇಕಾದ ಮಾಹಿತಿಯ ನಮೂನೆ ಇರುತ್ತವೆ. ಏಜೆಂಟ್ ಇವುಗಳನ್ನು ಓದಿಯೇ ನಡೆಯಬೇಕು, ಒಳಗಿನ ಕೋಡ್ ಅದಕ್ಕೆ ಕಾಣದು. ಇನ್ನು ಅಧಿಕಾರಿ, ಎಂದರೆ ಓದಲು ಅರ್ಹತೆಯುಳ್ಳವನು, ಈ ಶಾಸ್ತ್ರದಲ್ಲಿ ಮನುಷ್ಯನೇ ಅಲ್ಲದಿರುವುದು ಅಪೂರ್ವ: ಲೋಕದ ಪುಸ್ತಕಗಳನ್ನೆಲ್ಲ ತಿರುವಿಹಾಕಿದ್ದರೂ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಒಮ್ಮೆಯೂ ಮೆಟ್ಟದವನು, ಅನುಮಾನ ಬಂದರೂ ಕೇಳದೆ ಮುಂದುವರಿಯಬಲ್ಲವನು, ತಪ್ಪನ್ನು ಸಹ ಬಹು ವಿನಯದಿಂದ ಮಾಡುವವನು.

ಲಕ್ಷಣದೋಷ ಪ್ರಕರಣ

ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಆ ಮಾರುಕಟ್ಟೆಯಲ್ಲಿ ರೈತನ ಗೂಡಿಗೆ ಲಾಟ್ ಸಂಖ್ಯೆ ಬೀಳುತ್ತದೆ. ನೂಲು ಬಿಚ್ಚುವ ರೀಲರುಗಳು ಇ-ಹರಾಜಿನಲ್ಲಿ ಕೆ.ಜಿ. ಲೆಕ್ಕಕ್ಕೆ ಬಿಡ್ ಹಾಕುತ್ತಾರೆ. ಅಲ್ಲಿನ ದರ ತಿಳಿಸುವ ಉಪಕರಣವೊಂದನ್ನು ಕಲ್ಪಿಸಿಕೊಂಡು, ಅದರ ಕರ್ತೃವು "ಗೂಡಿಗೆ ಸಂಬಂಧಿಸಿದ ಕೆಲಸ ಮಾಡುತ್ತದೆ" ಎಂದು ಬರೆದಿಟ್ಟು ಮನೆಗೆ ಹೋದನೆಂದು ಭಾವಿಸತಕ್ಕದ್ದು. ಲಕ್ಷಣವು, ಎಂದರೆ ವ್ಯಾಖ್ಯೆಯು, ತನ್ನ ಲಕ್ಷ್ಯವನ್ನು ದಾಟಿ ಹೊರಗಿನದಕ್ಕೂ ಅಂಟಿಕೊಂಡರೆ ತರ್ಕಶಾಸ್ತ್ರಜ್ಞರಾದ ನೈಯಾಯಿಕರು ಅದನ್ನು ಅತಿವ್ಯಾಪ್ತಿ ಎನ್ನುತ್ತಾರೆ. ಕರ್ತೃವಿನ ವಾಕ್ಯವು ಊರ ಪಕ್ಕದ ರಾಮದೇವರ ಬೆಟ್ಟದ ರಣಹದ್ದಿನ ಗೂಡಿನವರೆಗೂ ಹಬ್ಬುವುದರಿಂದ, ವನ್ಯಧಾಮದ ಹಕ್ಕಿಯ ಗೂಡಿಗೆ ಕೆ.ಜಿ. ದರ ವಿಚಾರಿಸುವ ಏಜೆಂಟನ್ನು ದೂರುವಂತಿಲ್ಲ. ಬೆಚ್ಚಿದ ಕರ್ತೃವು "ಬಿಳಿ ಗೂಡಿನ ದರ ತಿಳಿಸುತ್ತದೆ" ಎಂದು ತಿದ್ದಿದರೆ ಬಿಳಿಯ ದ್ವಿತಳಿ ಒಳಗೆ ಬಂದು ಹಳದಿಯ ಮಿಶ್ರತಳಿ ಹೊರಗುಳಿಯುತ್ತದೆ, ಹಳದಿ ಗೂಡು ತಂದ ರೈತನಿಗೆ ಇಂದು ದರವೇ ಇಲ್ಲವೆಂಬ ಉತ್ತರ ಸಿಗುತ್ತದೆ, ಇದು ಅವ್ಯಾಪ್ತಿ. "ದರ ನಿಗದಿ ಮಾಡುತ್ತದೆ" ಎಂದರೆ ಅಸಂಭವ, ಏಕೆಂದರೆ ನಿಗದಿಯಾಗುವುದು ರೀಲರುಗಳ ಬಿಡ್‌ನಿಂದ. ಮೂರು ದೋಷವೂ ಇಲ್ಲದ ಲಕ್ಷಣ ಹೀಗಿರುತ್ತದೆ: "ರಾಮನಗರ ಮಾರುಕಟ್ಟೆಯಲ್ಲಿ ಕೊಟ್ಟ ದಿನಾಂಕದಂದು ಮಾರಾಟವಾದ ದ್ವಿತಳಿ ಅಥವಾ ಮಿಶ್ರತಳಿ ಗೂಡಿನ ಕನಿಷ್ಠ, ಗರಿಷ್ಠ, ಸರಾಸರಿ ದರವನ್ನು ಕೆ.ಜಿ.ಗೆ ರೂಪಾಯಿಯಲ್ಲಿ ತಿಳಿಸುತ್ತದೆ; ಹರಾಜು ನಡೆಯದ ದಿನಕ್ಕೆ ಖಾಲಿ ಪಟ್ಟಿ ಕೊಡುತ್ತದೆ; ಬಿಡ್ ಹಾಕುವುದಿಲ್ಲ."

ವಿಧಿನಿಷೇಧ ಪ್ರಕರಣ

ಮಾಡತಕ್ಕದ್ದನ್ನು ಹೇಳುವುದು ವಿಧಿ, ಮಾಡಕೂಡದ್ದನ್ನು ಹೇಳುವುದು ನಿಷೇಧ. ವಿಧಿಯನ್ನು ಎಲ್ಲರೂ ಮೊದಲೇ ಬರೆಯುತ್ತಾರೆ, ನಿಷೇಧವನ್ನು ಅನಾಹುತವಾದ ಮೇಲೆ ಬರೆಯುತ್ತಾರೆ. ಮಾಗಡಿ ಮತ್ತು ನೆರೆಯ ಕುಣಿಗಲ್ ಸೀಮೆಯಲ್ಲಿ ಬೆಳೆಯುವ ಶುದ್ಧ ಮೈಸೂರು ತಳಿಯ ಬಿತ್ತನೆ ಗೂಡು ಸೇರಬೇಕಾದುದು ಬಿತ್ತನೆ ಕೋಠಿಯನ್ನು; ಅಲ್ಲಿ ಚಿಟ್ಟೆ ಹೊರಬಂದು, ದ್ವಿತಳಿಯ ಗಂಡಿನೊಡನೆ ಕೂಡಿ ಮೊಟ್ಟೆಯಿಟ್ಟರೆ ಮುಂದಿನ ಮಿಶ್ರತಳಿ ಬೆಳೆ. "ಗೂಡನ್ನು ನೂಲು ಬಿಚ್ಚಾಣಿಕೆಗೆ ಕಳಿಸುತ್ತದೆ" ಎಂಬ ಉಪಕರಣವು "ಬಿತ್ತನೆ ಗೂಡಿಗೆ ಬಳಸಕೂಡದು" ಎಂಬ ಮೂರು ಪದವನ್ನು ಬಿಟ್ಟರೆ, ಏಜೆಂಟ್ ಮುಂದಿನ ಬೆಳೆಯನ್ನೇ ಕುದಿಯುವ ನೀರಿಗೆ ಹಾಕಿ, ಕೆಲಸ ಯಶಸ್ವಿಯಾಯಿತೆಂದು ವರದಿ ಒಪ್ಪಿಸುತ್ತದೆ. ಮರಳಿ ಪಡೆಯಲಾಗದ ಕ್ರಿಯೆಗೆ ಗುರುತು ಹಾಕಲು ಮೇಲಿನ ಪ್ರೋಟೊಕಾಲಿನಲ್ಲಿ ಅವಕಾಶವುಂಟಾದರೂ ಅದು ಬರಿಯ ಸೂಚನೆಯಾದ್ದರಿಂದ, ವಿವರಣೆಯಲ್ಲಿ ಬಾಯಿಬಿಟ್ಟು ಹೇಳುವುದೇ ಲೇಸು.

ಹಾಗಿದ್ದರೆ ಎಲ್ಲವನ್ನೂ ಬರೆದುಬಿಡೋಣವೆಂಬುದು ಪೂರ್ವಪಕ್ಷ. ಈ ಪಕ್ಷದವರು ಚನ್ನಪಟ್ಟಣದ ಬೊಂಬೆಗೆ ಆರ್ಡರ್ ಹಾಕುವ ಉಪಕರಣವನ್ನು ವಿವರಿಸಲು ಕುಳಿತರೆ, ಟಿಪ್ಪುವಿನ ಕಾಲದಿಂದ ತೊಡಗಿ, ಲೇತಿನಲ್ಲಿ ತಿರುಗುವ ಹಾಲೆಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ತಿಕ್ಕಾಟದ ಬಿಸಿಗೆ ಬಣ್ಣ ಕರಗಿ ಹತ್ತುವ ಬಗೆಯನ್ನೂ, ಕೇದಗೆ ಎಲೆಯಿಂದ ಹೊಳಪು ಕೊಡುವ ಬಗೆಯನ್ನೂ ರಸವತ್ತಾಗಿ ಬರೆದು, "ಸಂಖ್ಯೆ: 12" ಎಂದರೆ 12 ಬೊಂಬೆಯೋ 12 ಡಜನ್ನೋ ಎಂಬುದನ್ನು ಮಾತ್ರ ಬಿಡುತ್ತಾರೆ. ಗಿರಾಕಿಯ ಮನೆಗೆ 144 ಬೊಂಬೆ ಬಂದಿಳಿದಾಗ ಏಜೆಂಟ್ ಟಿಪ್ಪುವಿನ ವಿಷಯದಲ್ಲಿ ಯಾವ ತಪ್ಪನ್ನೂ ಮಾಡಿರುವುದಿಲ್ಲ. ಒಂದೊಂದು ವಿವರಣೆಯೂ ಏಜೆಂಟ್ ಒಮ್ಮೆಗೆ ಓದಬಲ್ಲ ಮಿತಿಯನ್ನು ತಿನ್ನುವುದರಿಂದ, ತೀರ್ಮಾನಕ್ಕೆ ನೆರವಾಗದ ಮಾತನ್ನು ಬಿಡುವುದೇ ಸಿದ್ಧಾಂತ.

ನಾಮ ಪ್ರಕರಣ

ಉಪಕರಣಕ್ಕೆ "ಸ್ಥಳ" ಎಂಬುದನ್ನು ಕೊಡಬೇಕೆಂದಷ್ಟೇ ಬರೆಯುವವರು ಈ ಸೀಮೆಯ ಹೆಸರುಗಳನ್ನು ಬಲ್ಲವರಲ್ಲ. ಮಾಗಡಿಗೆ ಹೊರಟವನನ್ನು ಏಜೆಂಟ್ ಬೆಂಗಳೂರಿನ ಮಾಗಡಿ ರಸ್ತೆ ಮೆಟ್ರೊ ನಿಲ್ದಾಣದಲ್ಲಿ ಇಳಿಸಿದರೆ, ಅವನು ಇನ್ನೂ 40 ಕಿ.ಮೀ.ಗೂ ಹೆಚ್ಚು ಹೋಗಬೇಕು; ಕನಕಪುರಕ್ಕೂ ಕನಕಪುರ ರಸ್ತೆಗೂ ಇರುವ ಅಂತರವೂ ಅಂಥದೇ. 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರಿಟ್ಟ ಮೇಲಂತೂ ಗೊಂದಲ ಹೆಚ್ಚಿತು: ಬೆಂಗಳೂರು ದಕ್ಷಿಣ ಜಿಲ್ಲೆಯ ರಾಮನಗರ, ಮಾಗಡಿ, ಚನ್ನಪಟ್ಟಣ, ಕನಕಪುರ ಎಂಬ ನಾಲ್ಕು ವಿಧಾನಸಭಾ ಕ್ಷೇತ್ರಗಳು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದು, ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರವು ಬೇರೆಯೇ ಇದೆ. ಆದ್ದರಿಂದ ಜಿಲ್ಲೆಯೋ, ತಾಲ್ಲೂಕೋ, ಕ್ಷೇತ್ರವೋ, ನಿಲ್ದಾಣವೋ ಎಂಬುದನ್ನು ಬಿಡಿಸಿ ಕೇಳಿ, ಒಪ್ಪುವ ಹೆಸರುಗಳ ಪಟ್ಟಿಯನ್ನೂ ಜೊತೆಗಿಡತಕ್ಕದ್ದು.

ಉಪಸಂಹಾರ

ವಿವರಣೆಯನ್ನು ಏಜೆಂಟಿಗೆ ಒಪ್ಪಿಸುವ ಮೊದಲು ಕೋಡ್ ಕಾಣದ ಮನುಷ್ಯರೊಬ್ಬರಿಗೆ ಕೊಟ್ಟು, ಈ ಉಪಕರಣವನ್ನು ಯಾವಾಗ ಬಳಸಕೂಡದೆಂದು ಕೇಳಬೇಕು. ಅವರು ತಡವರಿಸಿದಲ್ಲಿ ಏಜೆಂಟ್ ಆರ್ಡರ್ ಹಾಕಿ ಮುಗಿಸಿರುತ್ತದೆ. ಆದಕಾರಣ ಬರೆಯುವವರು ನಿಷೇಧವನ್ನು ಮೊದಲು ಬರೆಯತಕ್ಕದ್ದು.