ಗುಡ್ಡ ಹತ್ತುವ ಕುದುರೆಗಳು

ಕೊಪ್ಪ, ತೀರ್ಥಹಳ್ಳಿ ಕಡೆ ಯಾರೋ ಮೊದಲ ಮಿನಿ ಟ್ರ್ಯಾಕ್ಟರ್ ಕೊಳ್ಳುತ್ತಾರಂತೆ ಎಂಬ ಸುದ್ದಿ ಹಬ್ಬಿದರೆ ಸಾಕು, ಮನೆಯಲ್ಲಿ ಸೈಕಲ್ಲೂ ಇಲ್ಲದವರು ಸಲಹೆ ಹೊತ್ತು ಬರುತ್ತಾರೆ. "ಎಚ್‌ಪಿ ಜಾಸ್ತಿ ಇರೋದೇ ತಗಳಿ ಮಾರಾಯ್ರೆ!"

ತಗೊಂಡು ಎಲ್ಲಿ ನುಗ್ಗಿಸುವುದು? ಅಡಿಕೆ ಮರಗಳ ನಡುವಿನ ಅಂತರವೇ ಸುಮಾರು 9 ಅಡಿ. ಅದರಲ್ಲೂ ಬಾಳೆ, ಏಲಕ್ಕಿ, ಬಸಿಗಾಲುವೆ ಎಲ್ಲಕ್ಕೂ ಪಾಲಿದೆ. ಕುದುರೆ ಎಣಿಸುವ ಮೊದಲು ಟೇಪು ಹಿಡಿದು ಗಾಡಿಯ ಅಗಲ ಅಳೆಯಿರಿ. ಸಣ್ಣ ತೋಟಕ್ಕೆ 18ರಿಂದ 25 ಎಚ್‌ಪಿ ಧಾರಾಳ.

ಫೋರ್‌ವೀಲ್ ಡ್ರೈವ್ ಮಾತ್ರ ಬೇಕೇ ಬೇಕು. ಜುಲೈ ಮಳೆಯಲ್ಲಿ ಬರೀ ಹಿಂದಿನ ಚಕ್ರ ನಂಬಿದ ಗಾಡಿ ಏರಿನಲ್ಲಿ ನಿಂತು ಯಜಮಾನರ ಪಂಚೆಗೆ ಕೆಸರು ಎರಚುತ್ತದೆ, ಅಷ್ಟೆ. ಹಾಗಂತ ಇಳಿಜಾರಿಗೆ ಅಡ್ಡಡ್ಡ ಓಡಿಸಿ ಶೋಕಿ ಮಾಡಬೇಡಿ. ಮಗುಚುವ ಗಾಡಿಗೆ ಎಷ್ಟು ಚಕ್ರ ತಿರುಗುತ್ತಿದ್ದವು ಎಂಬುದು ಲೆಕ್ಕಕ್ಕಿಲ್ಲ. ಸೀಟಿನ ಹಿಂದೆ ರಕ್ಷಣಾ ಚೌಕಟ್ಟು, ಜೊತೆಗೆ ಬೆಲ್ಟು ಇರಲಿ. ಸೋಗೆಗೆ ತಾಗುತ್ತದೆಂದು ಚೌಕಟ್ಟು ಬಿಚ್ಚಿ ಅಟ್ಟಕ್ಕೇರಿಸುವ ಜಾಣರಿದ್ದಾರೆ. ಅವರ ಅಟ್ಟ ಬಹಳ ಸುರಕ್ಷಿತ! ಮಡಚುವ ಚೌಕಟ್ಟೂ ಸಿಗುತ್ತದೆ, ಕೇಳಿ ನೋಡಿ.

ಡೀಸೆಲ್ ಉಳಿಸಲು ಇಳಿಜಾರಲ್ಲಿ ನ್ಯೂಟ್ರಲ್ ಹಾಕುವ ಮಹಾನುಭಾವರಿಗೆ ಕೀಲಿಯನ್ನೇ ಕೊಡಬೇಡಿ. ಲೋ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ.

ಶೋರೂಮಿನ ಸಿಮೆಂಟು ಅಂಗಳದಲ್ಲಿ ಎಲ್ಲ ಟ್ರ್ಯಾಕ್ಟರೂ ಶೂರನೇ. "ನಮ್ಮನೆ ಏರಿಗೆ ಬಂದು ಹತ್ತಿಸಿ ತೋರಿಸಿ, ಟ್ರೈಲರಿಗೆ ಗೊಬ್ಬರ ತುಂಬಿಸಿಟ್ಟಿರ್ತೀವಿ" ಅನ್ನಿ. ಮಾರುವ ಹುಡುಗ ನಕ್ಕರೆ ಬೆಲೆ ಕೇಳಿ; ಕೆಮ್ಮಿದರೆ ಕಾಫಿ ಕುಡಿದು ಎದ್ದುಬನ್ನಿ.